ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು, ಸಂಜೆ ಮಳೆ: ವಸಂತದ ಪ್ರವಾಸಕ್ಕೆ ಬ್ಯಾಗ್ ತುಂಬುವುದು ಹೇಗೆ?

ಕೆಲವು ವರ್ಷಗಳ ಹಿಂದೆ ವಸಂತದಲ್ಲಿ ಒಂದು ಬೆಟ್ಟದೂರಿಗೆ ಹೋಗಿದ್ದೆ. ಮನೆಯಲ್ಲಿದ್ದ ಸ್ವೆಟರ್‌ಗಳಲ್ಲೇ ದಪ್ಪನೆಯದನ್ನು ಆರಿಸಿ ಬ್ಯಾಗಿಗೆ ಹಾಕಿದ್ದೆ. ಜೊತೆಗೊಂದು ರೇನ್‌ಕೋಟ್. ಚಳಿಗೆ ಅದು, ಮಳೆಗೆ ಇದು, ಇನ್ನೇನು ಬೇಕು ಅಂತ ನನ್ನ ಲೆಕ್ಕ. ಮೂರನೇ ದಿನ ಚಳಿಯೂ ಮಳೆಯೂ ಒಟ್ಟಿಗೇ ಬಂದವು. ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಲು ಹೋದರೆ ತೋಳು ಮೊಣಕೈ ಹತ್ತಿರ ಸಿಕ್ಕಿಕೊಂಡಿತು. ಎಳೆದಾಡಿ ಹೇಗೋ ತೂರಿಸಿದರೆ ಜಿಪ್ ಹೊಟ್ಟೆ ದಾಟಿ ಮೇಲೆ ಬರಲೇ ಇಲ್ಲ. ನೆನೆಯುವುದಾ, ನಡುಗುವುದಾ? ದಾರಿ ಮಧ್ಯೆ ನಿಂತು ತೀರ್ಮಾನ ಮಾಡಬೇಕಾಯಿತು. ಸ್ವೆಟರ್ ಹಾಕಿಕೊಂಡೇ ನೆನೆದೆ. ಅದು ಒಣಗಲು ಎರಡು ದಿನ ಹಿಡಿಯಿತು. ಅಷ್ಟರಲ್ಲಿ ಪ್ರವಾಸವೇ ಮುಗಿದಿತ್ತು.

ಬಟ್ಟೆ ಕಡಿಮೆಯಾಗಿ ಆದ ಪಾಡಲ್ಲ ಅದು. ಇದ್ದ ಎರಡು ಬಟ್ಟೆಗೂ ಒಂದಕ್ಕೊಂದು ಹೊಂದಾಣಿಕೆ ಇರಲಿಲ್ಲ, ಅಷ್ಟೇ. ಈಗ ಬ್ಯಾಗ್ ತುಂಬುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಬಟ್ಟೆ ಉಳಿದವುಗಳ ಮೇಲೋ ಕೆಳಗೋ ಕೂರುತ್ತದಾ? ಕೂರದಿದ್ದರೆ ಎಷ್ಟೇ ಬೆಚ್ಚಗಿರಲಿ, ಎಷ್ಟೇ ಚೆಂದವಿರಲಿ, ಮನೆಯಲ್ಲೇ ಇರಲಿ.

ಹಂತ 1: ಹವೆ ನೋಡಿ, ಆದರೆ ಸರಿಯಾಗಿ ನೋಡಿ

ಮೊದಲು ತಿಂಗಳು ಖಚಿತ ಮಾಡಿಕೊಳ್ಳಿ. ಉತ್ತರಾರ್ಧಗೋಳದಲ್ಲಿ ವಸಂತ ಅಂದರೆ ಮಾರ್ಚ್‌ನಿಂದ ಮೇ. ದಕ್ಷಿಣಾರ್ಧಗೋಳದಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್. ಗೊತ್ತಿರುವ ವಿಷಯವೇ, ಆದರೂ ಟಿಕೆಟ್ ಬುಕ್ ಮಾಡುವ ಭರಾಟೆಯಲ್ಲಿ ಮರೆಯುವವರಿದ್ದಾರೆ.

ಹದಿನೈದು ದಿನ ಮುಂಚೆಯೇ ಮೊಬೈಲಿನಲ್ಲಿ ಹವೆ ನೋಡಿ ಬಟ್ಟೆ ಆರಿಸಲು ಕೂರಬೇಡಿ. ಐದು ದಿನದ ಮುನ್ಸೂಚನೆಯನ್ನು ಸಾಕಷ್ಟು ನಂಬಬಹುದು. ಹತ್ತು ದಿನ ದಾಟಿತೋ, ಸರಿಯಾಗುವುದು ಹೆಚ್ಚುಕಡಿಮೆ ಅರ್ಧದಷ್ಟು ಸಲ ಮಾತ್ರ. ಆದ್ದರಿಂದ ಎರಡು ಕಂತಿನಲ್ಲಿ ನೋಡಿ. ಮೊದಲ ಸಲ, ಆ ಊರಿನಲ್ಲಿ ಆ ತಿಂಗಳ ಸರಾಸರಿ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ. ಹೊರಡುವ ಎರಡು ದಿನ ಮುಂಚೆ ನಿಜವಾದ ಮುನ್ಸೂಚನೆ. ಮೊದಲನೆಯದನ್ನು ನೋಡಿ ಬಟ್ಟೆ ಜೋಡಿಸಿ, ಎರಡನೆಯದನ್ನು ನೋಡಿ ಒಂದೆರಡನ್ನು ತೆಗೆಯಿರಿ ಅಥವಾ ಸೇರಿಸಿ.

ಹೆಚ್ಚಿನವರು ಗರಿಷ್ಠ ತಾಪಮಾನವನ್ನಷ್ಟೇ ನೋಡುತ್ತಾರೆ. 19 ಡಿಗ್ರಿ ಅಂತಿದ್ದರೆ 'ಹಿತವಾಗಿದೆ' ಅಂದುಕೊಳ್ಳುತ್ತಾರೆ. ಆ 19 ಇರುವುದು ಮಧ್ಯಾಹ್ನ ಎರಡು ಮೂರು ಗಂಟೆ ಹೊತ್ತಿಗೆ ಮಾತ್ರ. ಬೆಳಿಗ್ಗೆ ಏಳಕ್ಕೆ ಬಸ್ಸಿಗೆ ಕಾಯುವಾಗ ಅದೇ ಊರಿನಲ್ಲಿ 6 ಡಿಗ್ರಿ ಇರಬಹುದು. ನೀವು ಬಟ್ಟೆ ಆರಿಸಬೇಕಾದದ್ದು ಈ ಎರಡರ ನಡುವಿನ ಅಂತರಕ್ಕೆ.

ಇನ್ನೂ ಮೂರು ವಿಷಯ ಗಮನಿಸಿ.

ಎತ್ತರ. ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ. ನೀವು ನೋಡಿದ ಮುನ್ಸೂಚನೆ ಕೆಳಗಿನ ಪಟ್ಟಣದ್ದು, ನೀವು ಹತ್ತುವುದು ಅಲ್ಲಿಂದ ಮೇಲಿನ ಗುಡ್ಡ. ಈ ಲೆಕ್ಕ ಮಾಡಿಕೊಳ್ಳದೆ ತೆಳು ಅಂಗಿಯಲ್ಲಿ ಕೇಬಲ್ ಕಾರ್ ಹತ್ತುವವರನ್ನು ಪ್ರತಿ ಸಲ ನೋಡುತ್ತೇನೆ.

ಗಾಳಿ. 5 ಡಿಗ್ರಿ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ಹತ್ತುವುದು ಸೊನ್ನೆ ಡಿಗ್ರಿಯ ಚಳಿ. ಗಾಳಿ ತಡೆಯುವ ಒಂದು ತೆಳು ಜಾಕೆಟ್ ಇದ್ದರೆ ಆ ಐದು ಡಿಗ್ರಿ ನಿಮಗೆ ವಾಪಸ್ ಸಿಗುತ್ತದೆ. ದಪ್ಪ ಉಣ್ಣೆ ಸ್ವೆಟರ್‌ಗೆ ಆ ಕೆಲಸ ಆಗುವುದಿಲ್ಲ, ಅದರ ಹೆಣಿಗೆಯ ಸಂದಿಯಲ್ಲಿ ಗಾಳಿ ನುಗ್ಗುತ್ತದೆ.

ಮಳೆಯ ಶೇಕಡಾ. '40% ಮಳೆ' ಅಂದರೆ ದಿನದ 40% ಹೊತ್ತು ಮಳೆ ಅಂತಲ್ಲ. ಇಂಥ ಹತ್ತು ದಿನ ತೆಗೆದುಕೊಂಡರೆ ನಾಲ್ಕು ದಿನ ಆ ಜಾಗದಲ್ಲಿ ಮಳೆ ಬಿದ್ದೀತು ಅಂತ. ಎಷ್ಟು ಜೋರು, ಎಷ್ಟು ಹೊತ್ತು ಅನ್ನುವುದನ್ನು ಈ ಅಂಕಿ ಹೇಳುವುದಿಲ್ಲ. ಅದಕ್ಕೆ ಗಂಟೆಗಂಟೆಯ ಮುನ್ಸೂಚನೆಯಲ್ಲಿ ಮಿಲಿಮೀಟರ್ ನೋಡಿ.

ವಸಂತದಲ್ಲೇ ಹವೆ ಯಾಕೆ ಹೀಗೆ ಆಟ ಆಡಿಸುತ್ತದೆ ಅಂತ ಒಂದು ಮಾತು. ಬಿಸಿಲಿಗೆ ಬಲ ಬಂದಿರುತ್ತದೆ, ನೆಲ ಬೇಗ ಕಾಯುತ್ತದೆ. ಮೇಲಿನ ಗಾಳಿ ಮಾತ್ರ ಇನ್ನೂ ಚಳಿಗಾಲದ್ದೇ. ಕಾದ ಗಾಳಿ ಮೇಲೇರುತ್ತದೆ, ತಣ್ಣಗಾಗಿ ಮೋಡ ಕಟ್ಟುತ್ತದೆ, ಮಧ್ಯಾಹ್ನದ ಮೇಲೆ ಸುರಿಯುತ್ತದೆ. ಅದಕ್ಕೇ ಬೆಳಿಗ್ಗೆ ಆಕಾಶ ನೀಲಿಯಾಗಿದೆ ಅಂತ ರೇನ್‌ಕೋಟ್ ರೂಮಿನಲ್ಲಿ ಬಿಟ್ಟು ಹೋಗಬಾರದು. ಸಮುದ್ರದ ಕಥೆಯೇ ಬೇರೆ. ನೀರು ಕಾಯಲು ತಿಂಗಳುಗಟ್ಟಲೆ ಬೇಕು. ಒಳನಾಡಿನಲ್ಲಿ ಸೆಕೆ ಶುರುವಾದರೂ ಕಡಲ ದಂಡೆಯಲ್ಲಿ ತಣ್ಣನೆಯ ಗಾಳಿ ಇರುತ್ತದೆ.

ಹಂತ 2: ಒಂದು ದಪ್ಪದ ಬದಲು ಮೂರು ತೆಳು

ಇದೇ ಮುಖ್ಯ ಹಂತ, ಸ್ವಲ್ಪ ನಿಧಾನವಾಗಿ ಓದಿ. ಮೂರು ಪದರ, ಮೂರು ಕೆಲಸ. ಮೈಗೆ ಅಂಟಿದ್ದು ಬೆವರನ್ನು ಹಿಡಿದಿಡದೆ ಹೊರಗೆ ದಾಟಿಸಬೇಕು. ನಡುವಿನದು ಬಿಸಿ ಹಿಡಿಯಬೇಕು. ಹೊರಗಿನದು ಗಾಳಿ ಮಳೆ ತಡೆಯಬೇಕು. ಒಂದೇ ಬಟ್ಟೆಗೆ ಮೂರೂ ಕೆಲಸ ಹೇಳಿದರೆ ಒಂದನ್ನೂ ನೆಟ್ಟಗೆ ಮಾಡುವುದಿಲ್ಲ.

ಒಳ ಪದರ. ನಮಗೆಲ್ಲ ಹತ್ತಿ ಬಟ್ಟೆ ಅಂದರೆ ಪ್ರೀತಿ. ಸೆಕೆಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಒಪ್ಪಿದೆ. ಆದರೆ ಚಳಿ-ಮಳೆಯ ಹವೆಯಲ್ಲಿ ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ಹತ್ತಿ ನೀರು ಕುಡಿದು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಅಂದರೆ ಬೆವತ ಹತ್ತಿ ಬನಿಯನ್ ಹಾಕಿಕೊಂಡು ತಣ್ಣನೆ ಗಾಳಿಯಲ್ಲಿ ನಿಂತರೆ ಮೈಯ ಬಿಸಿಯೆಲ್ಲ ಅದರ ಮೂಲಕವೇ ಹೊರಗೆ. ಗುಡ್ಡ ಹತ್ತಿ ಮೇಲೆ ನಿಂತ ಐದೇ ನಿಮಿಷಕ್ಕೆ ಬೆನ್ನು ತಣ್ಣಗೆ ಕೊರೆಯುತ್ತದಲ್ವಾ, ಅದು ಇದೇ.

ಇದರ ಬದಲು ತೆಳುವಾದ ಪಾಲಿಯೆಸ್ಟರ್ ಅಥವಾ ಮೆರಿನೋ ಅನ್ನುವ ಕುರಿ ತಳಿಯ ನವಿರು ಉಣ್ಣೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಅಷ್ಟೇ ಬೇಗ ವಾಸನೆಯೂ ಹಿಡಿಯುತ್ತದೆ. ಮೆರಿನೋ ದುಬಾರಿ, ಒಣಗುವುದೂ ಸ್ವಲ್ಪ ನಿಧಾನ. ಆದರೆ ಉಣ್ಣೆ ತನ್ನ ತೂಕದ ಸುಮಾರು 30% ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಎರಡು ಮೂರು ದಿನ ಹಾಕಿದರೂ ಪಕ್ಕದವರು ಮೂಗು ಮುಚ್ಚುವುದಿಲ್ಲ. ನಾನು ಎರಡು ಮೆರಿನೋ, ಒಂದು ಪಾಲಿಯೆಸ್ಟರ್ ಒಯ್ಯುತ್ತೇನೆ. ಉಣ್ಣೆ ಚುಚ್ಚುತ್ತದೆ ಅನ್ನುವವರು ಸುಮ್ನೆ ಕಷ್ಟಪಡಬೇಡಿ, ಪಾಲಿಯೆಸ್ಟರ್ ಸಾಕು.

ನಡು ಪದರ. ಇಲ್ಲಿಯೇ ನಾನು ಎಡವಿದ್ದು. ಬೆಚ್ಚಗಿಡುವುದು ಬಟ್ಟೆಯ ನೂಲಲ್ಲ, ಅದರೊಳಗೆ ಸಿಕ್ಕಿಬಿದ್ದ ಗಾಳಿ. ಎರಡು ತೆಳು ಬಟ್ಟೆ ಹಾಕಿದರೆ ನಡುವೆ ಇನ್ನೊಂದು ಗಾಳಿಯ ಪದರ ಬಿಟ್ಟಿಯಾಗಿ ಸಿಗುತ್ತದೆ, ಬೇಡವೆನಿಸಿದಾಗ ಒಂದನ್ನು ಕಳಚಲೂಬಹುದು. ಒಂದು ತೆಳು ಫ್ಲೀಸ್ (ಮೃದುವಾದ ಸಿಂಥೆಟಿಕ್ ಬಟ್ಟೆಯ ಬೆಚ್ಚನೆ ಮೇಲಂಗಿ), ಒಂದು ಮಡಚಿದರೆ ಮುಷ್ಟಿಗಿಂತ ಸ್ವಲ್ಪ ದೊಡ್ಡದಾಗುವ ಪಫರ್ ಜಾಕೆಟ್ (ಹಗುರ ವಸ್ತು ತುಂಬಿ ಉಬ್ಬಿಸಿದ್ದು), ಇವೆರಡಿದ್ದರೆ ಸೊನ್ನೆ ಡಿಗ್ರಿಯಿಂದ 20 ಡಿಗ್ರಿವರೆಗೆ ನಿಭಾಯಿಸಬಹುದು.

ಪಫರ್ ಕೊಳ್ಳುವಾಗ ಒಳಗೆ ಏನು ತುಂಬಿದ್ದಾರೆ ಅಂತ ಲೇಬಲ್ ನೋಡಿ. ಹಕ್ಕಿಯ ಮೃದು ಪುಕ್ಕ ಇದ್ದರೆ ತೂಕ ಕಡಿಮೆ, ಬೆಚ್ಚಗೆ ಜಾಸ್ತಿ. ಆದರೆ ನೆನೆದರೆ ಮುದ್ದೆಯಾಗಿ ಕೂತುಬಿಡುತ್ತದೆ, ಬೆಚ್ಚಗಿಡುವ ಗುಣ ಹೋಗಿಬಿಡುತ್ತದೆ. ಸಿಂಥೆಟಿಕ್ ತುಂಬಿದ್ದು ಸ್ವಲ್ಪ ಭಾರ, ಆದರೆ ಒದ್ದೆಯಾದರೂ ಒಂದಿಷ್ಟು ಬಿಸಿ ಹಿಡಿಯುತ್ತದೆ. ವಸಂತಕ್ಕೆ ನನ್ನ ಓಟು ಸಿಂಥೆಟಿಕ್‌ಗೆ.

ಹೊರ ಪದರ. 'ವಾಟರ್ ರೆಸಿಸ್ಟೆಂಟ್' ಮತ್ತು 'ವಾಟರ್‌ಪ್ರೂಫ್' ಒಂದೇ ಅಲ್ಲ. ಮೊದಲನೆಯದು ತುಂತುರಿಗೆ ಸಾಕು, ಹತ್ತು ನಿಮಿಷದ ಜೋರು ಮಳೆಗೆ ಸೋಲುತ್ತದೆ. ವಾಟರ್‌ಪ್ರೂಫ್ ಜಾಕೆಟ್ ಮೇಲೆ ಮಿಲಿಮೀಟರ್‌ನಲ್ಲಿ ಒಂದು ಅಂಕಿ ಇರುತ್ತದೆ. ಆ ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರುವುದಿಲ್ಲ ಅನ್ನುವುದರ ಅಳತೆ ಅದು. ಊರು ಸುತ್ತಲು 5,000 ಸಾಕು. ದಿನವಿಡೀ ಹೊರಗೆ ನಡೆಯುವವರಿಗೆ 10,000 ಬೇಕು. ಬೆನ್ನ ಮೇಲೆ ಭಾರದ ಬ್ಯಾಗ್ ಇದ್ದರೆ ಪಟ್ಟಿ ಒತ್ತುವ ಭುಜದ ಹತ್ತಿರ ನೀರು ಬೇಗ ಒಳಗೆ ಬರುತ್ತದೆ, ಅದಕ್ಕೇ ಹೆಚ್ಚಿನ ಅಂಕಿ.

ಅಂಕಿಗಿಂತ ಮುಖ್ಯವಾದದ್ದು ಹೊಲಿಗೆ. ಜಾಕೆಟ್ ಒಳಮಗ್ಗುಲು ತಿರುಗಿಸಿ ನೋಡಿ. ಹೊಲಿಗೆ ಉದ್ದಕ್ಕೂ ಬೆರಳಗಲದ ಟೇಪ್ ಅಂಟಿಸಿರಬೇಕು. ಇಲ್ಲದಿದ್ದರೆ ಸೂಜಿ ಚುಚ್ಚಿದ ಪ್ರತಿ ತೂತಿನಿಂದಲೂ ನೀರು ಜಿನುಗುತ್ತದೆ. ಹಳೆಯ ಜಾಕೆಟ್ ಇದ್ದರೆ ಹೊರಡುವ ಮುಂಚೆ ಒಂದು ಪರೀಕ್ಷೆ ಮಾಡಿ. ತೋಳಿನ ಮೇಲೆ ಒಂದು ಲೋಟ ನೀರು ಸುರಿಯಿರಿ. ಕೆಸುವಿನ ಎಲೆ ಮೇಲಿನ ಹಾಗೆ ಹನಿಯಾಗಿ ಉರುಳಿದರೆ ಸರಿ. ಬಟ್ಟೆಯ ಬಣ್ಣ ಗಾಢವಾಗಿ ಹರಡಿದರೆ ನೀರು ಜಾರಿಸುವ ಮೇಲಿನ ಲೇಪ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಬಿಸಾಡಬೇಡಿ. ಎಷ್ಟೋ ಸಲ ಕೊಳೆಯೇ ಕಾರಣ. ಲೇಬಲ್‌ನಲ್ಲಿ ಹೇಳಿದ ಹಾಗೆ ಒಗೆದು, ಡ್ರೈಯರ್ ಆಗಬಹುದು ಅಂತಿದ್ದರೆ ಕಡಿಮೆ ಶಾಖದಲ್ಲಿ ಒಣಗಿಸಿ. ಲೇಪ ಮತ್ತೆ ಚುರುಕಾಗುತ್ತದೆ. ಆಗದಿದ್ದರೆ ಹೊಸ ಲೇಪದ ಸ್ಪ್ರೇ ಸಿಗುತ್ತದೆ. ಬಟ್ಟೆ ಮೃದು ಮಾಡುವ ದ್ರವ ಮಾತ್ರ ಹಾಕಲೇಬೇಡಿ.

ಕಂಕುಳಲ್ಲಿ ಜಿಪ್ ಇರುವ ಜಾಕೆಟ್ ಸಿಕ್ಕರೆ ಬಿಡಬೇಡಿ. ಹತ್ತುವಾಗ ತೆರೆದರೆ ಬೆವರಿನ ಹಬೆ ಹೊರಗೆ ಹೋಗುತ್ತದೆ. ಇಲ್ಲವಾದರೆ ಹೊರಗಿನ ಮಳೆ ತಡೆದು ಒಳಗಿನ ಮಳೆಯಲ್ಲಿ ನೆನೆಯಬೇಕಾಗುತ್ತದೆ!

ಪ್ಯಾಂಟ್ ವಿಷಯ ಬೇಗ ಮುಗಿಸುತ್ತೇನೆ. ಜೀನ್ಸ್ ಭಾರ, ನೆನೆದರೆ ಇನ್ನೂ ಭಾರ, ರಾತ್ರಿ ಹರವಿದ್ದು ಬೆಳಿಗ್ಗೆಗೆ ಒಣಗುವ ಪ್ರಶ್ನೆಯೇ ಇಲ್ಲ. ಅದಿಲ್ಲದೆ ಆಗುವುದೇ ಇಲ್ಲ ಅನ್ನುವವರು ಒಂದನ್ನು ಹಾಕಿಕೊಂಡು ಹೊರಡಿ, ಇನ್ನೊಂದನ್ನು ಬ್ಯಾಗಿಗೆ ತುಂಬಬೇಡಿ. ಬೇಗ ಒಣಗುವ ತೆಳು ಪ್ಯಾಂಟ್ ಎರಡು, ತೀರಾ ಚಳಿಯ ದಿನಕ್ಕೆ ಒಳಗೆ ಹಾಕಲು ಒಂದು ಥರ್ಮಲ್. ಸೀರೆಯೋ ಚೂಡಿದಾರವೋ ಉಡುವವರಿಗೂ ಒಳಗಿನ ಥರ್ಮಲ್ ಅಷ್ಟೇ ಚೆನ್ನಾಗಿ ಒದಗುತ್ತದೆ, ಹೊರಗೆ ಕಾಣುವುದೂ ಇಲ್ಲ.

ಒಂದು ವಾರದ ಪ್ರವಾಸಕ್ಕೆ ನನ್ನ ಲೆಕ್ಕ ಹೀಗೆ, ಮೈಮೇಲೆ ಹಾಕಿಕೊಂಡು ಹೊರಡುವುದೂ ಸೇರಿ:

• ಒಳ ಪದರದ ಅಂಗಿ 3 (ಎರಡು ಗಿಡ್ಡ ತೋಳು, ಒಂದು ಉದ್ದ ತೋಳು)
• ಮೇಲೆ ಹಾಕುವ ಸಾದಾ ಅಂಗಿ 2
• ಫ್ಲೀಸ್ 1, ಪಫರ್ 1, ವಾಟರ್‌ಪ್ರೂಫ್ ಜಾಕೆಟ್ 1
• ಪ್ಯಾಂಟ್ 2, ಥರ್ಮಲ್ ಪ್ಯಾಂಟ್ 1
• ಒಳ ಉಡುಪು 4, ಕಾಲುಚೀಲ 4 ಜೊತೆ
• ರಾತ್ರಿ ಮಲಗಲು 1 ಜೊತೆ, ಅದನ್ನು ಹಗಲು ಮುಟ್ಟುವಂತಿಲ್ಲ

ಎರಡು ವಾರವಾದರೂ ಪಟ್ಟಿ ಇದೇ. ಬಟ್ಟೆ ಹೆಚ್ಚುವುದಿಲ್ಲ, ಒಗೆಯುವುದು ಹೆಚ್ಚುತ್ತದೆ.

ಹಂತ 3: ಎಲ್ಲವನ್ನೂ ಒಟ್ಟಿಗೆ ಹಾಕಿಕೊಳ್ಳಿ

ಹೊರಡುವ ಮೂರು ನಾಲ್ಕು ದಿನ ಮುಂಚೆ ಕನ್ನಡಿ ಮುಂದೆ ನಿಂತು ಒಳ ಅಂಗಿ, ಫ್ಲೀಸ್, ಪಫರ್, ರೇನ್ ಜಾಕೆಟ್ ನಾಲ್ಕನ್ನೂ ಒಂದರ ಮೇಲೊಂದು ಹಾಕಿ. ಜಿಪ್ ಪೂರ್ತಿ ಮೇಲೆಳೆಯಿರಿ. ಎರಡೂ ಕೈ ತಲೆ ಮೇಲೆ ಎತ್ತಿ. ಸೊಂಟ ಬಯಲಾಗುತ್ತದಾ? ಬಗ್ಗಿ ಶೂ ಲೇಸ್ ಕಟ್ಟಿ. ಉಸಿರು ಕಟ್ಟುತ್ತದಾ? ಜಾಕೆಟ್‌ಗೆ ಹೊಲಿದ ಟೋಪಿ ಏರಿಸಿಕೊಂಡು ಎಡಕ್ಕೆ ಬಲಕ್ಕೆ ಕತ್ತು ತಿರುಗಿಸಿ. ಮುಖ ತಿರುಗಿ ಟೋಪಿ ಮಾತ್ರ ಅಲ್ಲೇ ನಿಂತರೆ ರಸ್ತೆ ದಾಟುವಾಗ ವಾಹನ ಕಾಣುವುದಿಲ್ಲ. ಹಿಂದಿನ ದಾರ ಎಳೆದು ಬಿಗಿ ಮಾಡಿ.

ಮನೆಯವರು ನಗುತ್ತಾರೆ. ನಗಲಿ ಬಿಡಿ.

ಹಂತ 4: ಕಾಲು ಒಣಗಿದ್ದರೆ ಅರ್ಧ ಗೆದ್ದಂತೆ

ವಾಟರ್‌ಪ್ರೂಫ್ ಶೂ ಬೇಕೇಬೇಕು ಅಂತ ಅಂಗಡಿಯವರು ಹೇಳುತ್ತಾರೆ. ನನಗೆ ಅಷ್ಟೇನೂ ನಂಬಿಕೆ ಇಲ್ಲ. ಒದ್ದೆ ಹುಲ್ಲು, ಸಣ್ಣ ಕೊಚ್ಚೆ, ಕರಗುತ್ತಿರುವ ಹಿಮ, ಇವಕ್ಕೆ ಅದು ಒಳ್ಳೆಯದು. ಆದರೆ ಜೋರು ಮಳೆಯಲ್ಲಿ ನೀರು ಕಾಲಿನ ಮೇಲಿಂದ ಇಳಿದು ಒಳಗೆ ಸೇರುತ್ತದೆ. ಹೊರಗಿನಿಂದ ಬಿಡದ ಶೂ ಒಳಗಿನ ನೀರನ್ನೂ ಹೊರಗೆ ಬಿಡುವುದಿಲ್ಲ. ಜಾಲರಿ ಬಟ್ಟೆಯ ಸಾದಾ ಶೂ ಬೇಗ ನೆನೆಯುತ್ತದೆ, ಬೇಗ ಒಣಗುತ್ತದೆ. ಪಟ್ಟಣ ಸುತ್ತುವವರಿಗೆ ಅದೇ ಅನುಕೂಲ. ಹಿಮ, ಕೆಸರು ಇರುವ ಕಡೆಗೆ ಹೋಗುವವರು ಮಾತ್ರ ಕಣಕಾಲು ಮುಚ್ಚುವ ವಾಟರ್‌ಪ್ರೂಫ್ ಶೂ ಒಯ್ಯಿರಿ.

ಯಾವುದೇ ಇರಲಿ, ಎರಡು ಜೊತೆ ಇರಬೇಕು. ಭಾರವಾದದ್ದು ಕಾಲಿಗೆ, ಹಗುರವಾದದ್ದು ಬ್ಯಾಗಿಗೆ. ಹೊಸ ಶೂ ಆದರೆ ಎರಡು ವಾರ ಮುಂಚಿನಿಂದಲೇ ಹಾಕಿ ನಡೆದಾಡಿ. ಇಲ್ಲದಿದ್ದರೆ ಮೊದಲ ದಿನವೇ ಹಿಮ್ಮಡಿಯಲ್ಲಿ ಬೊಬ್ಬೆ ಗ್ಯಾರಂಟಿ. ಒಂದು ಸುರುಳಿ ಮೆಡಿಕಲ್ ಟೇಪ್ ಇಟ್ಟುಕೊಳ್ಳಿ. ಉರಿ ಶುರುವಾದ ಕ್ಷಣವೇ ಅಂಟಿಸಬೇಕು, ಬೊಬ್ಬೆ ಎದ್ದ ಮೇಲಲ್ಲ.

ಶೂ ನೆನೆದರೆ ಹೀಗೆ ಮಾಡಿ. ಲೇಸ್ ಸಡಿಲಿಸಿ ನಾಲಿಗೆ ಪೂರ್ತಿ ಹೊರಗೆಳೆಯಿರಿ. ಒಳಗಿನ ಅಟ್ಟೆ ತೆಗೆದು ಬೇರೆ ಒಣಗಿಸಿ. ಹಳೆ ಪೇಪರ್ ಮುದುರಿ ತುದಿಬೆರಳಿನ ಜಾಗದವರೆಗೂ ತುರುಕಿ. ಒಂದು ಗಂಟೆಯಲ್ಲಿ ಪೇಪರ್ ಒದ್ದೆ ಮುದ್ದೆಯಾಗಿರುತ್ತದೆ, ಬದಲಿಸಿ. ಮಲಗುವ ಮುಂಚೆ ಇನ್ನೊಮ್ಮೆ. ಹೀಟರ್ ಮೇಲೆ ಇಡುವ ಆಸೆಯಾಗುತ್ತದೆ, ಇಡಬೇಡಿ. ಅಂಟು ಬಿಡುತ್ತದೆ, ಚರ್ಮ ಬಿರಿಯುತ್ತದೆ.

ಕಾಲುಚೀಲದಲ್ಲಿ ಉಣ್ಣೆ ಬೆರೆತದ್ದು ಒಳ್ಳೆಯದು. ನಾಲ್ಕು ಜೊತೆಯಲ್ಲಿ ಒಂದನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ದಿನದ ಬ್ಯಾಗಿನ ತಳದಲ್ಲಿ ಇಡಿ. ಮಳೆಯಲ್ಲಿ ನೆನೆದು ಎಲ್ಲೋ ಒಂದು ಕಡೆ ಕೂತು ಒಣ ಕಾಲುಚೀಲ ಏರಿಸುವ ಸುಖ ಇದೆಯಲ್ಲ, ಬಿಸಿ ಕಾಫಿಗೂ ಅಷ್ಟು ಬಲ ಇಲ್ಲ. ಶೂ ಇನ್ನೂ ಒದ್ದೆಯಾಗಿದ್ದರೆ, ಕಾಲುಚೀಲದ ಮೇಲೆ ಆ ಪ್ಲಾಸ್ಟಿಕ್ ಚೀಲವನ್ನೇ ಹಾಕಿಕೊಂಡು ಶೂ ಹಾಕಿ. ಚೆಂದ ಕಾಣದು, ಕೆಲಸ ಆಗುತ್ತದೆ.

ಹಂತ 5: ತಲೆ, ಕುತ್ತಿಗೆ, ಕೈ, ಮತ್ತೆ ಕೊಡೆಯ ಜಗಳ

ಮೈಯ ಅರ್ಧ ಬಿಸಿ ತಲೆಯಿಂದಲೇ ಹೋಗುತ್ತದೆ ಅನ್ನುವ ಮಾತು ಸುಳ್ಳು. ತಲೆಯಿಂದ ಹೋಗುವುದು ಅದರ ಗಾತ್ರಕ್ಕೆ ತಕ್ಕಷ್ಟೇ, ಅಂದರೆ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಆದರೂ ಉಣ್ಣೆ ಟೋಪಿ ಒಯ್ಯಿರಿ. ಕಿವಿಗೆ ಗಾಳಿ ಹೊಡೆದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ತೆಳು ಕೈಗವಸು ಜೇಬಿನಲ್ಲಿ ಹಿಡಿಯುತ್ತದೆ, ಅದೂ ಇರಲಿ.

ಒಂದೇ ಒಂದು ವಸ್ತು ಆರಿಸು ಅಂದರೆ ನಾನು ಆರಿಸುವುದು ದೊಡ್ಡ ತೆಳು ಸ್ಟೋಲ್. ಬೆಳಿಗ್ಗೆ ಕುತ್ತಿಗೆಗೆ ಮಫ್ಲರ್, ಮಧ್ಯಾಹ್ನ ತಲೆಗೆ ಬಿಸಿಲಿನ ಮರೆ, ಏಸಿ ಬಸ್ಸಿನಲ್ಲಿ ಹೊದಿಕೆ, ಮಡಚಿದರೆ ದಿಂಬು. ಅಂಗೈಯಗಲದ ಜಾಗ ಸಾಕು.

ಕೊಡೆಯೋ ರೇನ್‌ಕೋಟೋ? ಗಾಳಿ ಇಲ್ಲದ ಊರಿನ ನೆಟ್ಟನೆ ಮಳೆಗೆ ಕೊಡೆಯಂಥದ್ದಿಲ್ಲ. ಮೈ ಬೇಯುವುದಿಲ್ಲ, ಬಿಸಿಲಿಗೂ ಆಗುತ್ತದೆ. ಆದರೆ ವಸಂತದ ಮಳೆ ಗಾಳಿಯ ಕೈ ಹಿಡಿದೇ ಬರುತ್ತದೆ. ಕೊಡೆ ತಲೆಕೆಳಗಾಗಿ ಕಡ್ಡಿ ಮುರಿದದ್ದು ನನ್ನದೇ ಮೂರು ಇವೆ. ಜೊತೆಗೆ ಒಂದು ಕೈ ಅದಕ್ಕೇ ಮೀಸಲು. ಒಂದೇ ಒಯ್ಯುವುದಾದರೆ ಜಾಕೆಟ್ ಒಯ್ಯಿರಿ.

ಹಂತ 6: ಚಳಿ ಇದೆ ಅಂತ ಬಿಸಿಲನ್ನು ಮರೆಯಬೇಡಿ

ಏಪ್ರಿಲ್ 20ರ ಸುಮಾರಿಗೆ ಸೂರ್ಯ ಆಕಾಶದಲ್ಲಿ ಎಷ್ಟು ಮೇಲೇರುತ್ತಾನೋ ಆಗಸ್ಟ್ 22ರ ಸುಮಾರಿಗೂ ಅಷ್ಟೇ ಏರುತ್ತಾನೆ. ಗಾಳಿ ತಣ್ಣಗಿದೆ ಅಂತ ಮೈಗೆ ಬಿಸಿಲು ಗೊತ್ತಾಗುವುದಿಲ್ಲ, ಸಂಜೆ ಮೂಗು ಕೆಂಪಗಾದಾಗಲೇ ಗೊತ್ತಾಗುವುದು. ತೆಳು ಮೋಡ ನೇರಳಾತೀತ ಕಿರಣವನ್ನು ಹೆಚ್ಚೇನೂ ತಡೆಯುವುದಿಲ್ಲ. ಸಾವಿರ ಮೀಟರ್ ಎತ್ತರಕ್ಕೆ ಅದು ಸುಮಾರು 10% ಜಾಸ್ತಿಯಾಗುತ್ತದೆ. ಹೊಸದಾಗಿ ಬಿದ್ದ ಹಿಮ ಆ ಕಿರಣದ 80%ವರೆಗೆ ವಾಪಸ್ ಎಸೆಯುತ್ತದೆ, ಅಂದರೆ ಕೆಳಗಿನಿಂದಲೂ ಬಿಸಿಲು. ಮೂಗಿನ ಹೊಳ್ಳೆ, ಗಲ್ಲದ ಕೆಳಗೆ ಸುಟ್ಟುಕೊಂಡವರಿಗೆ ಇದು ಗೊತ್ತು.

ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಇಟ್ಟುಕೊಳ್ಳಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಜೊತೆಗೆ ಕಪ್ಪು ಕನ್ನಡಕ, ತುಟಿಗೆ ಲಿಪ್ ಬಾಮ್.

ಔಷಧದಲ್ಲಿ ವಸಂತಕ್ಕೆ ವಿಶೇಷವಾದದ್ದು ಒಂದೇ, ಪರಾಗದ ಅಲರ್ಜಿಯ ಮಾತ್ರೆ. ಮರಗಳು ಹೂ ಬಿಡುವ ಕಾಲ, ಒಣ ಹವೆ, ಗಾಳಿ ಸೇರಿದರೆ ಸೀನು ನಿಲ್ಲುವುದಿಲ್ಲ. ಹೊಸ ಜಾಗದ ಮರಗಳ ಪರಾಗ ನಿಮ್ಮ ಮೂಗಿಗೆ ಒಗ್ಗುತ್ತದೋ ಇಲ್ಲವೋ ಅಲ್ಲಿ ಹೋದ ಮೇಲೇ ಗೊತ್ತಾಗುವುದು. ಮೊದಲೇ ಡಾಕ್ಟರನ್ನು ಕೇಳಿ, ನಿದ್ದೆ ಬರಿಸದ ಮಾತ್ರೆ ಬರೆಸಿಕೊಳ್ಳಿ. ಅಲರ್ಜಿ ಇರುವವರು ಒಗೆದ ಬಟ್ಟೆ ಹೊರಗೆ ಹರವಬೇಡಿ, ಪರಾಗವೆಲ್ಲ ಅದಕ್ಕೇ ಅಂಟುತ್ತದೆ. ರಾತ್ರಿ ತಲೆ ತೊಳೆದು ಮಲಗಿ.

ಹಂತ 7: ತುಂಬುವ ಕ್ರಮ

ಬ್ಯಾಗಿನ ಮಳೆ ಕವಚ ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ತಡೆಯುವುದಿಲ್ಲ. ಅದಕ್ಕೇ ಬ್ಯಾಗಿನೊಳಗೆ ಮೊದಲು ಒಂದು ದೊಡ್ಡ ಗಟ್ಟಿ ಪ್ಲಾಸ್ಟಿಕ್ ಚೀಲ ಹಾಸಿ, ಬಟ್ಟೆಯೆಲ್ಲ ಅದರೊಳಗೆ ಹಾಕಿ, ಬಾಯಿ ತಿರುಚಿ ಮಡಚಿ. ಕಸದ ಬುಟ್ಟಿಗೆ ಹಾಕುವ ಚೀಲವಾದರೂ ಸರಿ, ತೂತಿರಬಾರದು ಅಷ್ಟೇ.

ಕೊನೆಗೆ ಬೇಕಾಗುವುದು ತಳಕ್ಕೆ, ಮೊದಲು ಬೇಕಾಗುವುದು ಮೇಲಕ್ಕೆ. ಭಾರದ ವಸ್ತು ಬೆನ್ನಿಗೆ ಹತ್ತಿರ. ರೇನ್ ಜಾಕೆಟ್ ಆ ದೊಡ್ಡ ಚೀಲದ ಹೊರಗೆ, ಎಲ್ಲಕ್ಕಿಂತ ಮೇಲೆ. ಸುರಿಯುವ ಮಳೆಯಲ್ಲಿ ಒಣ ಬಟ್ಟೆಯೆಲ್ಲ ಬಿಚ್ಚಿ ಜಾಕೆಟ್ ಹುಡುಕಬಾರದು. ಒದ್ದೆ ಬಟ್ಟೆಗೆ ಬೇರೆಯೇ ಒಂದು ಚೀಲ ಮೊದಲೇ ಇಟ್ಟುಕೊಳ್ಳಿ. ಒಂದು ಒದ್ದೆ ಕಾಲುಚೀಲ ಸಾಕು, ಬ್ಯಾಗಿಡೀ ಮುಗ್ಗಲು ವಾಸನೆ.

ವಿಮಾನದಲ್ಲಿ ಹೋಗುವವರಿಗೆ ಎರಡು ಮಾತು. ಕೈಚೀಲದಲ್ಲಿ ಒಯ್ಯುವ ಸನ್‌ಸ್ಕ್ರೀನ್, ಶಾಂಪೂ ಬಾಟಲಿಗಳು ಬಹುತೇಕ ವಿಮಾನ ನಿಲ್ದಾಣಗಳಲ್ಲಿ 100 ಮಿಲಿಲೀಟರ್ ಮೀರಬಾರದು. ಅರ್ಧ ಖಾಲಿಯಾದ 200ರ ಬಾಟಲಿಯೂ ನಡೆಯುವುದಿಲ್ಲ, ಅವರು ನೋಡುವುದು ಬಾಟಲಿಯ ಅಳತೆ. ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಸಾಮಾನ್ಯವಾಗಿ 100 ವಾಟ್-ಅವರ್ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ) ಮಿತಿ. 20,000 ಎಂಎಎಚ್‌ನದು 3.7 ವೋಲ್ಟ್ ಲೆಕ್ಕದಲ್ಲಿ 74 ವಾಟ್-ಅವರ್, ಅಡ್ಡಿಯಿಲ್ಲ. ಎಷ್ಟು ಒಯ್ಯಬಹುದು, ಎಲ್ಲಿ ಇಡಬೇಕು ಅನ್ನುವುದಕ್ಕೆ ನಿಮ್ಮ ವಿಮಾನ ಸಂಸ್ಥೆಯ ನಿಯಮ ಒಮ್ಮೆ ಓದಿಕೊಳ್ಳಿ.

ಹಂತ 8: ದಿನದ ಬ್ಯಾಗ್

ಜಾಕೆಟ್ ರೂಮಿನಲ್ಲಿದ್ದರೆ ಇದ್ದೂ ಇಲ್ಲದಂತೆ. ದಿನಾ ಹೊರಗೆ ಹೋಗುವಾಗ ಹೆಗಲಿಗೆ ಹಾಕಲು 15-20 ಲೀಟರ್‌ನ ಹಗುರ ಬ್ಯಾಗ್ ಬೇಕು. ಅದರಲ್ಲಿ ರೇನ್ ಜಾಕೆಟ್, ಫ್ಲೀಸ್ ಅಥವಾ ಪಫರ್, ಸ್ಟೋಲ್, ಒಣ ಕಾಲುಚೀಲ, ಸನ್‌ಸ್ಕ್ರೀನ್, ನೀರು. ಆಕಾಶ ಹೇಗೇ ಇರಲಿ, ಇಷ್ಟು ಇರಲೇಬೇಕು. ಜಾಗ ಸ್ವಲ್ಪ ಖಾಲಿ ಬಿಡಿ, ಮಧ್ಯಾಹ್ನ ಕಳಚಿದ್ದನ್ನು ಎಲ್ಲಿ ಇಡುತ್ತೀರಿ?

ಬಟ್ಟೆ ಬಳಸುವುದಕ್ಕೂ ಒಂದು ಹದ ಇದೆ. ನಡೆಯಲು ಶುರು ಮಾಡುವಾಗ ಸ್ವಲ್ಪ ಚಳಿ ಅನ್ನಿಸುತ್ತಿರಬೇಕು. ಹತ್ತು ನಿಮಿಷದಲ್ಲಿ ಮೈ ತಾನೇ ಬಿಸಿಯಾಗುತ್ತದೆ. ಬೆಚ್ಚಗೆ ಹೊರಟರೆ ಅರ್ಧ ದಾರಿಯಲ್ಲೇ ಬೆವರು. ಬೆವರುವ ಮುಂಚೆ ಒಂದು ಪದರ ತೆಗೆಯಿರಿ. ನಿಂತ ತಕ್ಷಣ, ಇನ್ನೂ ಮೈ ಬಿಸಿ ಇರುವಾಗಲೇ, ಮತ್ತೆ ಹಾಕಿ. ನಡುಗುವವರೆಗೆ ಕಾದರೆ ಆ ಬಟ್ಟೆಗೆ ಹಿಡಿದಿಡಲು ಬಿಸಿಯೇ ಉಳಿದಿರುವುದಿಲ್ಲ. ಪದೇ ಪದೇ ತೆಗೆದು ಹಾಕುವುದು ಕಿರಿಕಿರಿ ನಿಜ. ಅದಕ್ಕೇ ತಲೆಯ ಮೇಲಿಂದ ಎಳೆಯುವ ಸ್ವೆಟರ್‌ಗಿಂತ ಮುಂದೆ ಜಿಪ್ ಇರುವುದೇ ಮೇಲು.

ಚಳಿಯಲ್ಲಿ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ. ಒಳ ಜೇಬಿನಲ್ಲಿ ಇಟ್ಟುಕೊಳ್ಳಿ. ಅಂದ ಹಾಗೆ, ವಸಂತದಲ್ಲಿ ಹಲವು ದೇಶಗಳು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ. ಫೋನ್ ತಾನೇ ಸರಿಮಾಡಿಕೊಳ್ಳುತ್ತದೆ, ಕೈಗಡಿಯಾರ ನಂಬಿದವರು ರೈಲು ತಪ್ಪಿಸಿಕೊಳ್ಳುತ್ತಾರೆ.

ಹಂತ 9: ರೂಮಿನಲ್ಲೇ ಒಗೆದು ಒಣಗಿಸುವುದು

ಮೂರು ಒಳ ಅಂಗಿಯಲ್ಲಿ ವಾರ ಕಳೆಯುವುದು ಇದರಿಂದಲೇ. ಸಂಜೆ ಸ್ನಾನದ ಹೊತ್ತಿಗೆ ಅವತ್ತಿನ ಅಂಗಿ, ಕಾಲುಚೀಲ ಸೋಪಿನಲ್ಲಿ ಉಜ್ಜಿ ತೊಳೆಯಿರಿ. ಹಿಂಡಿ ತಿರುಚಬೇಡಿ, ಮೆರಿನೋ ಜಗ್ಗಿಹೋಗುತ್ತದೆ. ಕೈಯಲ್ಲಿ ಒತ್ತಿ ನೀರು ಇಳಿಸಿ. ಆಮೇಲೆ ಒಣ ಟವೆಲ್ ಹಾಸಿ, ಅದರ ಮೇಲೆ ಅಂಗಿ ಹರವಿ, ಚಾಪೆ ಸುತ್ತುವ ಹಾಗೆ ಎರಡನ್ನೂ ಸೇರಿಸಿ ಸುತ್ತಿ. ನೆಲಕ್ಕಿಟ್ಟು ಮೇಲೆ ಮಂಡಿಯೂರಿ ಒತ್ತಿ. ಬಿಚ್ಚಿದರೆ ಟವೆಲ್ ಒದ್ದೆ, ಅಂಗಿ ಬರೀ ತೇವ. ಹಗ್ಗಕ್ಕೆ ಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತದೆ. ಇದಕ್ಕಾಗಿ ಮೂರು ಮೀಟರ್ ತೆಳು ಹಗ್ಗ, ನಾಲ್ಕು ಸೇಫ್ಟಿ ಪಿನ್ ಒಯ್ಯಿರಿ. ಗಾಳಿ ಆಡುವ ಕಡೆ ಕಟ್ಟಿ, ಬಚ್ಚಲಲ್ಲಿ ಕಟ್ಟಿದರೆ ಏನೂ ಒಣಗುವುದಿಲ್ಲ.

ಹಂತ 10: ಹಿಂದಿನ ರಾತ್ರಿ ತೆಗೆಯುವ ಕೆಲಸ

ತುಂಬಿದ್ದನ್ನೆಲ್ಲ ಮಂಚದ ಮೇಲೆ ಸುರಿದು ಇನ್ನೊಮ್ಮೆ ನೋಡಿ. 'ಇರಲಿ' ಅಂತ ಹಾಕಿದ್ದು ಯಾವುದು, 'ಬೇಕು' ಅಂತ ಹಾಕಿದ್ದು ಯಾವುದು ಅಂತ ಎರಡು ಗುಡ್ಡೆ ಮಾಡಿ. ನನ್ನ 'ಇರಲಿ' ಗುಡ್ಡೆಯಲ್ಲಿ ಪ್ರತಿ ಸಲ ಒಂದು ಹೆಚ್ಚಿನ ಪ್ಯಾಂಟ್, ಮೂರನೇ ಜೊತೆ ಚಪ್ಪಲಿ, ಓದದೆ ವಾಪಸ್ ಬರುವ ಒಂದು ದಪ್ಪ ಪುಸ್ತಕ ಇರುತ್ತವೆ. ಪುಸ್ತಕ ಮಾತ್ರ ಕದ್ದುಮುಚ್ಚಿ ಮತ್ತೆ ಬ್ಯಾಗ್ ಸೇರುತ್ತದೆ. ರೇನ್ ಜಾಕೆಟ್ ಮತ್ತು ಒಂದು ಬೆಚ್ಚನೆಯ ಪದರವನ್ನು ಮಾತ್ರ, ಮುನ್ಸೂಚನೆ ಏಳು ದಿನವೂ ಬಿಸಿಲು ತೋರಿಸಿದರೂ, ತೆಗೆಯಬೇಡಿ.

ಹೊರಡುವ ದಿನ ಭಾರವಾದ ಶೂ, ಭಾರವಾದ ಜಾಕೆಟ್ ಮೈಮೇಲೆ. ಅಲ್ಲಿ ತಲುಪಿದ ಮರುದಿನ ಬೆಳಿಗ್ಗೆ ಫೋನ್ ನೋಡುವ ಮುಂಚೆ ಕಿಟಕಿಯಿಂದ ಕೆಳಗೆ ನೋಡಿ. ಕೆಲಸಕ್ಕೆ ಹೊರಟ ಅಲ್ಲಿಯ ಜನ ಏನು ಹಾಕಿದ್ದಾರೆ? ಜಾಕೆಟ್ ತೊಟ್ಟಿದ್ದಾರಾ, ಕೈಮೇಲೆ ಹಾಕಿಕೊಂಡಿದ್ದಾರಾ, ಬಿಸಿಲಿದ್ದರೂ ಕೊಡೆ ಹಿಡಿದು ನಡೆಯುತ್ತಿದ್ದಾರಾ? ಎರಡು ನಿಮಿಷ ನೋಡಿ, ಆಮೇಲೆ ಬಟ್ಟೆ ಹಾಕಿಕೊಳ್ಳಿ.